ಸೋಲಾರ್ ವಾಟರ್ ಹೀಟರ್ ಹಾಕಿಸುವ ಮುನ್ನ: ಖರ್ಚಿನ ಪೂರ್ತಿ ಲೆಕ್ಕ ಹೀಗೆ ಮಾಡಿ

ಸೋಲಾರ್ ವಾಟರ್ ಹೀಟರಿಗೆ ಎಷ್ಟಾಗುತ್ತದೆ ಎಂದು ಅಂಗಡಿಯಲ್ಲಿ ವಿಚಾರಿಸಿದರೆ ಸಿಗುವುದು ತಾರಸಿಯ ಮೇಲೆ ಕೂರುವ ಟ್ಯಾಂಕು ಮತ್ತು ಬಿಸಿಲು ಹೀರಿ ನೀರು ಕಾಯಿಸುವ ಕಲೆಕ್ಟರಿನ ಬೆಲೆ ಮಾತ್ರ. ಒಟ್ಟು ಖರ್ಚು ಎಷ್ಟು, ಅದು ಎಷ್ಟು ವರ್ಷದಲ್ಲಿ ಮರಳಿ ಬರುತ್ತದೆ ಎಂಬುದನ್ನು ನಿಮ್ಮ ಮನೆಯ ಪೈಪು, ತಣ್ಣೀರಿನ ಟ್ಯಾಂಕಿನ ಎತ್ತರ, ನೀರಿನ ಗಡಸುತನ ಮತ್ತು ವಿದ್ಯುತ್ ಬಿಲ್ಲು ತೀರ್ಮಾನಿಸುತ್ತವೆ. ಬೆಂಗಳೂರು ಮತ್ತು ಬಯಲುಸೀಮೆಯ ಊರುಗಳಲ್ಲಿ ಈಗಾಗಲೇ ಕಟ್ಟಿರುವ ಸ್ವಂತ ಮನೆಯನ್ನು ಗಮನದಲ್ಲಿಟ್ಟು ಇಲ್ಲಿನ ಲೆಕ್ಕವನ್ನು ಕೊಡಲಾಗಿದೆ. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಮಲೆನಾಡಿನ ಮನೆಯಲ್ಲಿ ಸೋಲಾರ್ ಹಾಕಿಸಿದರೂ ಬಚ್ಚಲ ಒಲೆಯನ್ನು ಕೆಡವದಿರುವುದೇ ಜಾಣತನ.

ಮೊದಲು ಎಷ್ಟು ಲೀಟರಿನದು ಬೇಕು ಎಂದು ನಿರ್ಧರಿಸಿ. ನಾಲ್ಕು ಜನರಿರುವ ಮನೆಗೆ 200 ಲೀಟರ್ ಎನ್ನುವುದು ಮಾರಾಟಗಾರರ ರೂಢಿಯ ಉತ್ತರ. ಆದರೆ ಬಿಸಿಲಿನ ದಿನ ಟ್ಯಾಂಕಿನ ನೀರು 60 ಡಿಗ್ರಿಯ ಹತ್ತಿರ ಕಾದಿರುತ್ತದೆ. ಸ್ನಾನಕ್ಕೆ ಹದವಾದ ನೀರು ಸುಮಾರು 40 ಡಿಗ್ರಿ. ಅಂದರೆ ಒಂದು ಬಕೆಟ್ ಸ್ನಾನದ ನೀರಿನಲ್ಲಿ ಹೆಚ್ಚುಕಡಿಮೆ ಅರ್ಧ ಬಿಸಿನೀರು, ಅರ್ಧ ತಣ್ಣೀರು. ನಾಲ್ವರೂ ತಲಾ ಎರಡು ಬಕೆಟ್ ಬಳಸಿದರೂ ಟ್ಯಾಂಕಿನಿಂದ ಖರ್ಚಾಗುವುದು 80 ಲೀಟರಿನಷ್ಟೇ. ಮೋಡದ ದಿನಗಳಿಗೆ ಮತ್ತು ಪಾತ್ರೆ ತೊಳೆಯುವುದಕ್ಕೆ ಸ್ವಲ್ಪ ಹೆಚ್ಚುವರಿ ಇಟ್ಟುಕೊಂಡರೆ 150 ಲೀಟರ್ ಸಾಕು. ಮನೆಯಲ್ಲಿ ಎಲ್ಲರೂ ಶವರ್ ಬಳಸುವವರಾದರೆ ಮಾತ್ರ, ಒಬ್ಬೊಬ್ಬರ ಸ್ನಾನಕ್ಕೆ 50 ಲೀಟರ್ ಮೀರುವ ಸಾಧ್ಯತೆ ಇರುವುದರಿಂದ, 200 ಲೀಟರಿನ ಮಾತು ಒಪ್ಪತಕ್ಕದ್ದು.

ಮುಂದಿನದು ಕಲೆಕ್ಟರಿನ ಆಯ್ಕೆ. ಗಾಜಿನ ಕೊಳವೆಗಳ ಇಟಿಸಿ ಅಗ್ಗ. ಅದರ ಎರಡು ಪದರದ ಗಾಜಿನ ನಡುವೆ ನಿರ್ವಾತವಿರುವುದರಿಂದ ಥರ್ಮಾಸ್ ಫ್ಲಾಸ್ಕಿನಂತೆ ಶಾಖವನ್ನು ಹಿಡಿದಿಡುತ್ತದೆ. ತಾಮ್ರದ ಸಣ್ಣ ಕೊಳವೆಗಳ ಮೇಲೆ ಗಟ್ಟಿ ಗಾಜು ಹೊದಿಸಿದ ಚಪ್ಪಟೆ ಫಲಕದ ಎಫ್‌ಪಿಸಿಗೆ ಅದೇ ಅಳತೆಯಲ್ಲಿ ಒಂದೂವರೆಯಿಂದ ಎರಡು ಪಟ್ಟು ಬೆಲೆ. ಒಂದು ಅಂದಾಜಿಗೆ ಹೇಳುವುದಾದರೆ 150 ಲೀಟರಿನ ಇಟಿಸಿ 20 ಸಾವಿರದಿಂದ 30 ಸಾವಿರ ರೂಪಾಯಿಯೊಳಗೆ ಸಿಗುತ್ತದೆ; ಟ್ಯಾಂಕಿನ ಲೋಹ ಮತ್ತು ಬ್ರ್ಯಾಂಡಿನ ಮೇಲೆ ಇದು ಹೆಚ್ಚುಕಡಿಮೆಯಾಗಬಹುದು. ಎಫ್‌ಪಿಸಿ ಹೆಚ್ಚು ಬಾಳಿಕೆ ಬರುತ್ತದೆ ಎನ್ನುವುದು ನಿಜ, ಆದರೆ ಅದು ಸಿಹಿನೀರಿನ ಮನೆಗೆ ಸಲ್ಲುವ ಮಾತು. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರೇ ಆಧಾರವಾಗಿರುವ ಬಡಾವಣೆಗಳಲ್ಲಿ ತಾಮ್ರದ ಸಣ್ಣ ಕೊಳವೆಗಳ ಒಳಗೆ ಸುಣ್ಣ ಕಟ್ಟಿಕೊಂಡು ನೀರಿನ ಹರಿವೇ ಕುಗ್ಗುತ್ತದೆ. ಇಟಿಸಿಯ ಅಗಲವಾದ ಕೊಳವೆಗಳಲ್ಲಿಯೂ ಉಪ್ಪು ತಳದಲ್ಲಿ ಕೂರುತ್ತದೆ, ಆದರೆ ಅವನ್ನು ಕಳಚಿ ತೊಳೆಯಬಹುದು. ಒಂದೆರಡು ಒಡೆದರೆ ಅವನ್ನಷ್ಟೇ ಬದಲಿಸಬಹುದು. ಆದ್ದರಿಂದ ಗಡಸು ನೀರಿನ ಮನೆಗೆ ನನ್ನ ಸಲಹೆ ಇಟಿಸಿಯೇ. ಪಕ್ಕದ ಸೈಟಿನ ತೆಂಗಿನ ಮರ ತಾರಸಿಯ ಮೇಲೆ ಬಾಗಿದ್ದರೆ ಮಾತ್ರ ಇನ್ನೊಮ್ಮೆ ಯೋಚಿಸಿ.

ಟ್ಯಾಂಕಿನ ಒಳಮೈಯ ಬಗ್ಗೆ ಹೆಚ್ಚಿನವರು ವಿಚಾರಿಸುವುದೇ ಇಲ್ಲ, ಆದರೆ ಹೀಟರಿನ ಆಯುಸ್ಸು ನಿಂತಿರುವುದು ಅಲ್ಲಿಯೇ. ಸ್ಟೇನ್‌ಲೆಸ್ ಸ್ಟೀಲಿನ ಟ್ಯಾಂಕು ಕ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರಿಗೆ ಬೆಸುಗೆಯ ಅಂಚಿನಲ್ಲಿ ಸೋರತೊಡಗಬಹುದು. ಗಾಜಿನ ಲೇಪವಿರುವ ಉಕ್ಕಿನ ಟ್ಯಾಂಕು ಅಂಥ ನೀರನ್ನು ಉತ್ತಮವಾಗಿ ತಡೆಯುತ್ತದೆ. ಆದರೆ ಅದರೊಳಗಿನ ಮೆಗ್ನೀಸಿಯಂ ಆನೋಡ್ ಸರಳು ತಾನು ಕರಗಿ ಟ್ಯಾಂಕನ್ನು ಉಳಿಸುವಂಥದ್ದಾದ್ದರಿಂದ ಕೆಲವು ವರ್ಷಗಳಿಗೊಮ್ಮೆ ಅದನ್ನು ಬದಲಾಯಿಸಲೇಬೇಕು. ವಾರಂಟಿ ಪತ್ರದಲ್ಲಿ ನೀರಿನ ಗಡಸುತನಕ್ಕೆ ಮಿತಿ ಹಾಕಿದ್ದಾರೆಯೇ ಎಂದು ಓದಿ ನೋಡಿ. ನಿಮ್ಮ ನೀರು ಆ ಮಿತಿಯನ್ನು ಮೀರಿದ್ದರೆ ಐದು ವರ್ಷದ ವಾರಂಟಿ ಕಾಗದದ ಮೇಲೆ ಮಾತ್ರ ಇರುತ್ತದೆ.

ಕೊಟೇಶನ್ನಿನಲ್ಲಿ ಕಾಣದ ದೊಡ್ಡ ಖರ್ಚು ಪ್ಲಂಬಿಂಗಿನದು. ಮನೆ ಕಟ್ಟುವಾಗಲೇ ತಾರಸಿಯಿಂದ ಸ್ನಾನದ ಮನೆಗೆ ಬಿಸಿನೀರಿನ ಲೈನ್ ಎಳೆದಿದ್ದರೆ ನೀವು ಅದೃಷ್ಟವಂತರು. ಇಲ್ಲವಾದರೆ ಹೊರಗೋಡೆಯ ಮೇಲೆ ಸಿಪಿವಿಸಿ ಪೈಪು ಇಳಿಸಿ, ಅದಕ್ಕೆ ಶಾಖ ನಿರೋಧಕ ಹೊದಿಕೆ ಸುತ್ತಿ, ಸ್ನಾನದ ಮನೆಯ ಟೈಲ್ಸ್ ಒಡೆದು ಜೋಡಿಸಬೇಕಾಗುತ್ತದೆ. ಎರಡು ಅಂತಸ್ತಿನ ಮನೆಗೆ ಇದಕ್ಕೆ 10 ಸಾವಿರದಿಂದ 20 ಸಾವಿರ ರೂಪಾಯಿ ಎತ್ತಿಡುವುದು ಕ್ಷೇಮ. ಸಾಧಾರಣ ಪಿವಿಸಿ ಪೈಪನ್ನು ಬಿಸಿನೀರಿಗೆ ಬಳಸಬಾರದು; ಅದು ಮೆತ್ತಗಾಗಿ ಜಾಯಿಂಟುಗಳಲ್ಲಿ ಬಿಟ್ಟುಕೊಳ್ಳುತ್ತದೆ. ದೂರವನ್ನೂ ಲೆಕ್ಕಕ್ಕೆ ಹಿಡಿಯಿರಿ: 15 ಮೀಟರ್ ಉದ್ದದ ಮುಕ್ಕಾಲು ಇಂಚಿನ ಪೈಪಿನಲ್ಲಿ ಸುಮಾರು 4 ಲೀಟರ್ ತಣಿದ ನೀರು ನಿಂತಿರುತ್ತದೆ, ನಲ್ಲಿ ತಿರುಗಿಸಿದಾಗ ಮೊದಲು ಬರುವುದು ಅದೇ. ಆದ್ದರಿಂದ ಹೀಟರನ್ನು ತಾರಸಿಯಲ್ಲಿ ಸ್ನಾನದ ಮನೆಗೆ ಸಮೀಪದ ಮೂಲೆಯಲ್ಲಿ, ದಕ್ಷಿಣಕ್ಕೆ ಮುಖ ಮಾಡಿ, ಬೆಳಗಿನಿಂದ ಸಂಜೆಯವರೆಗೆ ನೆರಳು ಬೀಳದಂತೆ ಕೂರಿಸಬೇಕು. ಇವೆರಡೂ ಒಂದೇ ಕಡೆ ಒದಗದಿದ್ದರೆ ಬಿಸಿಲಿಗೇ ಆದ್ಯತೆ.

ಇನ್ನು ತಣ್ಣೀರಿನ ಟ್ಯಾಂಕಿನ ಎತ್ತರ. ಮನೆಗಳಿಗೆ ಸಾಮಾನ್ಯವಾಗಿ ಹಾಕುವ ಹೀಟರಿಗೆ ನೀರು ತಾನಾಗಿಯೇ ಇಳಿದು ಬರಬೇಕಾದ್ದರಿಂದ ಓವರ್‌ಹೆಡ್ ಟ್ಯಾಂಕಿನ ತಳವು ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಮೇಲಿರಬೇಕು. ಸಿಂಟೆಕ್ಸ್ ಟ್ಯಾಂಕು ತಾರಸಿಯ ನೆಲದ ಮೇಲೆಯೇ ಕುಳಿತಿದ್ದರೆ ಅದನ್ನು ಐದಾರು ಅಡಿ ಎತ್ತರಿಸಲು ಕಬ್ಬಿಣದ ಸ್ಟ್ಯಾಂಡ್ ಮಾಡಿಸಬೇಕು. ಇದಕ್ಕೂ ಹತ್ತು ಸಾವಿರದ ಆಸುಪಾಸು ಬೀಳಬಹುದು. ಪ್ರೆಶರ್ ಪಂಪ್ ಇರುವ ಮನೆಗೆ ಒತ್ತಡ ತಡೆಯುವ ಮಾದರಿಯೇ ಬೇಕು, ಅದರ ಬೆಲೆಯೂ ಹೆಚ್ಚು. ಹೀಟರಿಗೆ ಹೋಗುವ ತಣ್ಣೀರಿನ ಲೈನನ್ನು ಬೇರೆಯಾಗಿಯೇ ಎಳೆಸಿ, ನೀರು ಹಿಂದಕ್ಕೆ ಹರಿಯದಂತೆ ಅದಕ್ಕೊಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿ, ಬಿಸಿನೀರಿನ ಕಡೆ ಗಾಳಿ, ಹಬೆ ಹೊರಹೋಗುವ ಏರ್ ವೆಂಟ್ ಪೈಪು ಓವರ್‌ಹೆಡ್ ಟ್ಯಾಂಕಿಗಿಂತ ಎತ್ತರಕ್ಕೆ ಹೋಗಿದೆಯೇ ನೋಡಿಕೊಳ್ಳಿ.

ಮೋಡದ ದಿನಗಳಿಗೆಂದು ಸೋಲಾರ್ ಟ್ಯಾಂಕಿನೊಳಗೇ 2 ಕಿಲೋವ್ಯಾಟ್ ಕಾಯಿಲ್ ಕೂರಿಸುವ ವಾಡಿಕೆಯಿದೆ. ಎರಡು ಬಕೆಟ್ ನೀರಿಗಾಗಿ 150 ಲೀಟರನ್ನೂ ಕಾಯಿಸುವ ಆ ಏರ್ಪಾಡಿಗಿಂತ, ಈಗಿರುವ ಗೀಸರನ್ನು ಉಳಿಸಿಕೊಂಡು ಸೋಲಾರ್ ನೀರನ್ನೇ ಅದರ ಒಳಹರಿವಿಗೆ ಕೊಡುವುದು ಮೇಲು. ಆದರೆ ಆ ಗೀಸರ್ ಬಿಸಿನೀರಿನ ಒಳಹರಿವನ್ನು ತಾಳುವ ಮಾದರಿಯೇ ಎಂದು ಕಂಪನಿಯವರಲ್ಲಿ ಖಚಿತಪಡಿಸಿಕೊಳ್ಳಿ.

ತೆರಿಗೆಯ ವಿಷಯದಲ್ಲಿ ಒಂದು ಅನುಕೂಲವಾಗಿದೆ. ಸೋಲಾರ್ ವಾಟರ್ ಹೀಟರಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5 ಆಗಿದೆ. ಕೊಟೇಶನ್ನಿನಲ್ಲಿ ಹಳೆಯ ದರವೇ ಇದ್ದರೆ ಪ್ರಶ್ನಿಸಿ. ಕೇಂದ್ರ ಸರ್ಕಾರದ ಸಹಾಯಧನ ವಾಟರ್ ಹೀಟರಿಗೆ 2014ರಲ್ಲೇ ನಿಂತಿದೆ. ಪಿಎಂ ಸೂರ್ಯಘರ್ ಯೋಜನೆಯ ಹೆಸರು ಹೇಳಿ ಹೀಟರ್ ಮಾರಲು ಬಂದವರನ್ನು ನಂಬಬೇಡಿ, ಅದು ವಿದ್ಯುತ್ ಉತ್ಪಾದಿಸುವ ಫಲಕಗಳಿಗೆ ಸಂಬಂಧಿಸಿದ್ದು.

ಈಗ ಉಳಿತಾಯಕ್ಕೆ ಬರೋಣ. 150 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 6 ಯುನಿಟ್ ವಿದ್ಯುತ್ ಬೇಕು, ಮಾರಾಟಗಾರರ ಲೆಕ್ಕ ಇಲ್ಲಿಂದ ಶುರುವಾಗುತ್ತದೆ. ಆದರೆ ನೀವು ಬಳಸದೆ ಟ್ಯಾಂಕಿನಲ್ಲೇ ಉಳಿದ ಬಿಸಿನೀರಿನಿಂದ ಬಿಲ್ಲಿನ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಬಕೆಟ್ ಸ್ನಾನದ ನಾಲ್ವರ ಮನೆಯಲ್ಲಿ, ಗೀಸರಿನಿಂದ ಸೋರಿಹೋಗುವ ಶಾಖವನ್ನೂ ಸೇರಿಸಿ, ದಿನಕ್ಕೆ 4 ಯುನಿಟ್ ಉಳಿದೀತು. ವರ್ಷಕ್ಕೆ 280 ಬಿಸಿಲಿನ ದಿನ, ತೆರಿಗೆ ಸೇರಿ ಯುನಿಟ್‌ಗೆ ಆರೂವರೆ ರೂಪಾಯಿ ಎಂದು ಹಿಡಿದರೆ ಅದು ಏಳು ಸಾವಿರ ರೂಪಾಯಿ ಚಿಲ್ಲರೆಯಾಗುತ್ತದೆ. ಪ್ಲಂಬಿಂಗ್ ಸೇರಿ 40 ಸಾವಿರ ಹಾಕಿದವರಿಗೆ ದುಡ್ಡು ಮರಳಲು ಐದೂವರೆ ವರ್ಷ ಬೇಕು.

ಈ ಲೆಕ್ಕವೂ ಬಿಲ್ಲು ಕಟ್ಟುವವರಿಗೆ ಮಾತ್ರ. 2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ಲು ಪ್ರತಿ ತಿಂಗಳೂ ಸೊನ್ನೆ ಬರುತ್ತಿದ್ದರೆ ಸೋಲಾರ್ ಹಾಕಿಸಿ ಉಳಿಸಲು ಸದ್ಯಕ್ಕೆ ಏನೂ ಇಲ್ಲ. ಅದೇ ನಿಮ್ಮ ಬಳಕೆ 200 ಯುನಿಟ್‌ನ ಗಡಿಯನ್ನು ಸ್ವಲ್ಪವೇ ದಾಟುತ್ತಿದ್ದರೆ, ಆ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಾದ್ದರಿಂದ, ತಿಂಗಳಿಗೆ ನೂರರಷ್ಟು ಯುನಿಟ್ ಇಳಿಸುವ ಹೀಟರ್ ತನ್ನ ಬೆಲೆಯನ್ನು ಮೇಲೆ ಹೇಳಿದ್ದಕ್ಕಿಂತ ಬೇಗನೆ ತೀರಿಸುತ್ತದೆ. ಹಾಗಾಗಿ ಅಂಗಡಿಗೆ ಹೋಗುವ ಮುನ್ನ ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ತೆಗೆದು ನೋಡಿ. ಹೊಸ ಮನೆ ಕಟ್ಟುವವರಿಗೆ ಮಾತ್ರ ಈ ಆಯ್ಕೆಯಿಲ್ಲದಿರಬಹುದು: ರಾಜ್ಯದಲ್ಲಿ 2007ರಿಂದ ಒಂದು ಅಳತೆ ಮೀರಿದ ಹೊಸ ಮನೆಗಳಿಗೆ ಸೋಲಾರ್ ಹೀಟರನ್ನು ಕಡ್ಡಾಯ ಮಾಡಲಾಗಿದೆ. ಕರೆಂಟ್ ಕನೆಕ್ಷನ್ ಸಿಕ್ಕರೆ ಸಾಕೆಂದು ಎಲ್ಲಕ್ಕಿಂತ ಅಗ್ಗದ್ದನ್ನು ತಂದು ನಿಲ್ಲಿಸುವುದು ಇದರಿಂದಲೇ ಹುಟ್ಟಿದ ಚಾಳಿ.

ಹಣವನ್ನು ಪೂರ್ತಿ ಮುಂಗಡ ಕೊಡಬೇಡಿ. ಒಂದು ಭಾಗವನ್ನು ಬೆಳಗಿನ ಮೊದಲ ಬಿಸಿನೀರು ಕೆಳಗಿನ ನಲ್ಲಿಗೆ ಬರುವವರೆಗೆ ಉಳಿಸಿಕೊಳ್ಳಿ. ಇಟಿಸಿ ಕೂರಿಸಿದ ದಿನ ನಡುಹಗಲಲ್ಲಿ ನೀರು ಬಿಡಲು ಬಿಡಬೇಡಿ, ಬಿಸಿಲಿಗೆ ಕಾದ ಖಾಲಿ ಗಾಜಿನ ಕೊಳವೆಗೆ ತಣ್ಣೀರು ತಗುಲಿದರೆ ಅದು ಸಿಡಿಯುತ್ತದೆ. ಕೆಲಸ ಮಧ್ಯಾಹ್ನ ಮುಗಿದರೆ ಕೊಳವೆಗಳ ಮೇಲೆ ದಪ್ಪ ಬಟ್ಟೆ ಹೊದಿಸಿ, ಮರುದಿನ ಸೂರ್ಯ ಹುಟ್ಟುವ ಮುನ್ನ ವಾಲ್ವ್ ತೆರೆಯಲು ಹೇಳಿ.