ಚೌಕಳಿ ಕೋಟಿನ ಗೆರೆ ಕೊನೆಗೂ ಕೂತಿತು

ಚೌಕಳಿ ಬಟ್ಟೆಯಲ್ಲಿ ಕೋಟ್ ಹೊಲಿದವರಿಗೆ ಗೊತ್ತು. ಮೇಜಿನ ಮೇಲೆ ಗೆರೆಗೆ ಗೆರೆ ಕೂಡಿಸುವುದು ಕಷ್ಟವಲ್ಲ. ಗಿರಾಕಿ ಹಾಕಿಕೊಂಡು ಕನ್ನಡಿ ಮುಂದೆ ನಿಂತಾಗ ಕೂಡಬೇಕು, ಅದೇ ಕಷ್ಟ. ನನಗೆ ಇದು ಒಲಿಯಲು ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಮೂರು ಕೋಟ್ ಹಾಳಾದವು. ಈಗ ಸಾಲಾಗಿ ಆರು ಕೋಟ್ ಸರಿಯಾಗಿ ಬಂದಿವೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅಂಗಡಿ ಮೈಸೂರಿನಲ್ಲಿದೆ. ಇಲ್ಲಿ ಮದುವೆ ಸೂಟ್ ಅಂದರೆ ನೀಲಿ ಇಲ್ಲವೇ ಕಪ್ಪು, ಅದೂ ಪ್ಲೇನ್. ಯಾರಾದರೂ ಚೌಕಳಿ ತಂದರೆ ಟೈಲರ್ ಮಾಸ್ಟರ್‌ಗಳೇ "ಪ್ಲೇನ್ ತಗೊಳ್ಳಿ ಸಾರ್, ಚೆನ್ನಾಗಿರುತ್ತೆ" ಎಂದು ಹೇಳಿ ವಾಪಸ್ ಕಳಿಸುತ್ತಾರೆ. ಅವರದೂ ತಪ್ಪಲ್ಲ. ಬಟ್ಟೆ ಜಾಸ್ತಿ ಬೇಕು, ಹೊತ್ತು ಜಾಸ್ತಿ ಬೇಕು, ಕೂಲಿ ಮಾತ್ರ ಅಷ್ಟೇ.

ನನ್ನ ಮೊದಲ ಗಿರಾಕಿ ಕಾಲೇಜು ಮೇಷ್ಟ್ರು. ಬೆಂಗಳೂರಿನ ಚಿಕ್ಕಪೇಟೆಯಿಂದ ಬೂದು ಬಣ್ಣದ ಗ್ಲೆನ್ ಚೆಕ್ (ಸಣ್ಣ, ದೊಡ್ಡ ಚೌಕ ಬೆರೆತ ಚೌಕಳಿ) ತಂದಿದ್ದರು. ಮೇಲೆ ತೆಳು ನೀಲಿ ಗೆರೆ, ಒಂದು ಮನೆ, ಅಂದರೆ ಒಂದು ಚೌಕ, ಸುಮಾರು ಎರಡು ಇಂಚು. ಮೀಟರ್‌ಗೆ 1,800ರ ಆಸುಪಾಸು. ಪ್ಲೇನ್ ಆಗಿದ್ದರೆ ಸೂಟಿಗೆ ಮೂರೂಕಾಲು ಮೀಟರ್ ಸಾಕಾಗುತ್ತಿತ್ತು, ನಾನು ಮೂರೂಮುಕ್ಕಾಲು ತರಿಸಿದ್ದೆ. ಜೇಬಿನ ಫ್ಲಾಪ್, ಎದೆ ಜೇಬು, ಸೈಡ್ ಪೀಸ್ (ಬಗಲ ಕೆಳಗಿನ ತುಂಡು) ಎಲ್ಲ ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ ಕೂಡಿಸಿದೆ. ಖುಷಿಯಿಂದ ಟ್ರಯಲ್‌ಗೆ ಕರೆದೆ.

ಹಾಕಿಕೊಂಡು ನಿಂತರು. ಎರಡು ನಿಮಿಷ ಕನ್ನಡಿ ನೋಡಿ, "ಮಾಸ್ಟ್ರೇ, ಬಲಗಡೆ ಗೆರೆ ಕೆಳಗೆ ಇಳಿದಂಗೆ ಕಾಣ್ತಿದೆ ಅಲ್ವಾ?" ಅಂದರು.

ಇಳಿದಿತ್ತು. ಅವರ ಬಲ ಭುಜ ಎಡಕ್ಕಿಂತ ಅರ್ಧ ಇಂಚು ಕೆಳಗೆ. ಪ್ಲೇನ್ ಬಟ್ಟೆಯಲ್ಲಿ ಬಗಲ ಹತ್ತಿರ ಒಂದು ಸಣ್ಣ ಸುಕ್ಕು ಬರುತ್ತಿತ್ತು, ಅಷ್ಟೇ. ಚೌಕಳಿಯಲ್ಲಿ ಹೊಟ್ಟೆ ಮೇಲಿನ ಅಡ್ಡಗೆರೆ ಪೂರ್ತಿ ವಾಲಿ ನಿಂತಿತು. ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಭುಜ ಬಿಚ್ಚಿ, ತುದಿಯಲ್ಲಿ ಎತ್ತಿ, ಆರ್ಮ್‌ಹೋಲನ್ನು (ತೋಳು ಕೂರುವ ಸುತ್ತು) ಅಷ್ಟೇ ಕೆಳಗಿಳಿಸಿದೆ. ಎದೆಯ ಗೆರೆ ನೇರವಾಯಿತು. ಆದರೆ ಬಲ ತೋಳು ಮೊದಲೇ ಕತ್ತರಿಸಿ ಆಗಿತ್ತಲ್ಲ, ಅದರ ಗೆರೆ ಎದೆಯ ಗೆರೆಗಿಂತ ಅರ್ಧ ಇಂಚು ಕೆಳಗೆ ಬಂತು. ಎರಡು ಇಂಚಿನ ಮನೆಯಲ್ಲಿ ಅರ್ಧ ಇಂಚು ಅಂದರೆ ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ಬಟ್ಟೆ ದುಡ್ಡು ಆರೂವರೆ ಸಾವಿರದ ಮೇಲೆ ಕೈಯಿಂದ ಕೊಟ್ಟೆ. ಆ ಕೋಟ್ ಇವತ್ತಿಗೂ ಅಂಗಡಿಯಲ್ಲಿ ನೇತಾಡುತ್ತಿದೆ.

ಎರಡನೆಯದಕ್ಕೆ ಇಳಿದ ಭುಜದ ಕಡೆ ದಪ್ಪ ಪ್ಯಾಡ್ ಹಾಕಿ ನೋಡಿದೆ. ಗೆರೆ ಸರಿಯಾಯಿತು, ಮನುಷ್ಯ ಪೆಟ್ಟಿಗೆ ಹೊತ್ತವನಂತೆ ಕಂಡ. ಮೂರನೆಯದು ಕೆಟ್ಟದ್ದು ಫ್ಯೂಸಿಂಗ್‌ನಿಂದ, ಅಂದರೆ ಒಳಗೆ ಬಿಸಿ ಕೊಟ್ಟು ಅಂಟಿಸುವ ಗಟ್ಟಿ ಬಟ್ಟೆಯಿಂದ. ಮುಂಭಾಗ ಕತ್ತರಿಸಿ ಆಮೇಲೆ ಬಿಸಿಗೆ ಕೊಟ್ಟೆ. ಉದ್ದಕ್ಕೆ ಮೂರು ಮಿಲಿಮೀಟರ್‌ನಷ್ಟು ಕುಗ್ಗಿತು. ಸೈಡ್ ಪೀಸ್ ಕುಗ್ಗಿರಲಿಲ್ಲ. ಕೆಳಗೆ ಬರುತ್ತಾ ಬರುತ್ತಾ ಗೆರೆ ತಪ್ಪುತ್ತಾ ಹೋಯಿತು. ಅವತ್ತಿನಿಂದ ಚೌಕಳಿಗೆ ಅಂಟಿಸದೆ ಹೊಲಿದು ಕೂರಿಸುವ ಕ್ಯಾನ್ವಾಸ್ ಮಾತ್ರ. ಬಟ್ಟೆಯನ್ನೂ ಕತ್ತರಿಸುವ ಮೊದಲೇ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡಿ ಒಂದು ರಾತ್ರಿ ಬಿಡುತ್ತೇನೆ.

ಈ ಮೂರರಿಂದ ನನಗೆ ಹೊಳೆದದ್ದು ಒಂದೇ. ಚೌಕಳಿ ಬಟ್ಟೆಗೆ ಕತ್ತರಿ ಹಾಕಿದ ಮೇಲೆ ಫಿಟ್ ತಿದ್ದಲು ಹೋಗಬಾರದು. ಒಂದು ತಿದ್ದಿದರೆ ಇನ್ನೆರಡು ಕಡೆ ಗೆರೆ ಮುರಿಯುತ್ತದೆ. ಹಾಗಾದರೆ ತಿದ್ದುವ ಕೆಲಸವನ್ನೆಲ್ಲ ಮೊದಲೇ ಬೇರೆ ಬಟ್ಟೆಯಲ್ಲಿ ಮುಗಿಸಬೇಕು, ಅಲ್ವಾ?

ಕೋರಾ ಬಟ್ಟೆ, ಅಂದರೆ ಬಿಳುಪು ಮಾಡದ ಹತ್ತಿ ಬಟ್ಟೆ, ತಂದೆ. ಎರಡೂವರೆ ಮೀಟರ್, ನೂರೈವತ್ತು ರೂಪಾಯಿ ಆಗಿರಬೇಕು. ಅದರ ಮೇಲೆ ಪೆನ್ಸಿಲ್‌ನಲ್ಲಿ ಎರಡೆರಡು ಇಂಚಿಗೆ ಅಡ್ಡಗೆರೆ ಎಳೆದೆ, ಅಸಲಿ ಬಟ್ಟೆಯ ಮನೆ ಎಷ್ಟಿತ್ತೋ ಅಷ್ಟಕ್ಕೇ. ಮೈಭಾಗವನ್ನು ಕಚ್ಚಾ ಹೊಲಿದು ಹಾಕಿಸಿದೆ. ಗೆರೆ ಎಲ್ಲಿ ವಾಲುತ್ತದೆ, ಬೆನ್ನಲ್ಲಿ ಎಲ್ಲಿ ಬಾಗುತ್ತದೆ, ಎಲ್ಲ ಮೈಮೇಲೇ ಕಂಡಿತು. ಭುಜ ಬಿಚ್ಚಿ ಗುಂಡುಪಿನ್ನು ಚುಚ್ಚಿ ಗೆರೆ ನೆಟ್ಟಗಾಗುವ ತನಕ ತಿದ್ದಿದೆ. ಆಮೇಲೆ ಕೋರಾವನ್ನು ಬಿಚ್ಚಿ, ಪೆನ್ಸಿಲ್ ಗೆರೆಯನ್ನು ಅಸಲಿ ಬಟ್ಟೆಯ ಗೆರೆ ಮೇಲೆ ಇಟ್ಟು ಕತ್ತರಿಸಿದೆ. ಆ ಕೋರಾ ತುಂಡುಗಳೇ ನನ್ನ ಕಟಿಂಗ್ ಪೇಪರ್, ಅಂದರೆ ಕತ್ತರಿಸುವ ಮಾದರಿ.

ನಮ್ಮ ಬೀದಿಯ ಹಿರಿಯ ಮಾಸ್ಟರ್ ಒಬ್ಬರು ನೋಡಿ, "ಒಂದು ಕೋಟಿಗೆ ಎರಡು ಕೋಟ್ ಹೊಲೀತೀಯ, ಹೊಟ್ಟೆಗೆ ಏನು ತಿಂತೀಯ?" ಅಂದರು. ಲೆಕ್ಕ ಹೇಳುತ್ತೇನೆ. ಕೋರಾಗೆ ನನಗೆ ಹಿಡಿಯುವುದು ನಾಲ್ಕು ಗಂಟೆ. ಮೊದಲೆಲ್ಲ ಟ್ರಯಲ್ ಆದಮೇಲೆ ಬಿಚ್ಚಿ ಹೊಲಿಯುವುದಕ್ಕೇ ಒಂದು ದಿನ ಹೋಗುತ್ತಿತ್ತು. ಪ್ಲೇನ್ ಸೂಟಿಗೆ 6,500 ತೆಗೆದುಕೊಳ್ಳುವವನು ಈಗ ಚೌಕಳಿಗೆ 11,000 ಕೇಳುತ್ತೇನೆ, ಕೊಡುತ್ತಾರೆ.

ತೋಳಿನ ವಿಷಯ ಬೇರೆ. ಎರಡು ತೋಳನ್ನು ಒಂದರ ಮೇಲೊಂದು ಇಟ್ಟು ಕತ್ತರಿಸುವುದನ್ನು ಬಿಟ್ಟುಬಿಟ್ಟೆ. ಮೈಭಾಗದ ಅಸಲಿ ಟ್ರಯಲ್ ಮುಗಿಯುವ ತನಕ ತೋಳಿನ ಬಟ್ಟೆಗೆ ಕತ್ತರಿ ತಾಗಿಸುವುದಿಲ್ಲ. ಗಿರಾಕಿಯನ್ನು ಸುಮ್ನೆ ಕೈ ಇಳಿಬಿಟ್ಟು ನಿಲ್ಲಿಸಿ, ಕೈ ಬೀಳುವ ಜಾಗವನ್ನು ಆರ್ಮ್‌ಹೋಲ್ ಮುಂದೆ ಚಾಕ್‌ನಲ್ಲಿ ಗುರುತು ಮಾಡುತ್ತೇನೆ. ಅಲ್ಲಿ ಎದೆಯ ಮೇಲೆ ಯಾವ ಗೆರೆ ಇದೆಯೋ ಅದೇ ಗೆರೆ ತೋಳಿನ ಗುರುತಿಗೆ ಬರುವಂತೆ ಇಡುತ್ತೇನೆ. ಆ ಮೇಷ್ಟ್ರ ಬಲ ತೋಳಿನಲ್ಲಿ ಗೆರೆ ಎಡಕ್ಕಿಂತ ಅರ್ಧ ಇಂಚು ಮೇಲೆ ಬಿದ್ದಿದೆ. ಮೇಜಿನ ಮೇಲೆ ನೋಡಿದರೆ ತಪ್ಪು ಅನಿಸುತ್ತದೆ. ಮೈಮೇಲೆ ಎರಡೂ ಕಡೆ ಎದೆಯಿಂದ ತೋಳಿಗೆ ಒಂದೇ ಗೆರೆ ಓಡುತ್ತದೆ. ಹೌದು, ಅವರಿಗೇ ಮತ್ತೆ ಹೊಲಿದುಕೊಟ್ಟೆ.

ಬೆನ್ನಿನ ನಡು ಹೊಲಿಗೆಯಲ್ಲಿ ಸೊಂಟ ತೆಗೆಯಬೇಡಿ. ನೀಲಿ ಗೆರೆಗಳು ವಿ ಆಕಾರದಲ್ಲಿ ಕೂಡಿಬಿಡುತ್ತವೆ. ನಾನು ನಡು ಹೊಲಿಗೆಯನ್ನು ಬಹುಮಟ್ಟಿಗೆ ನೇರ ಬಿಟ್ಟು ಸೊಂಟವನ್ನೆಲ್ಲ ಪಕ್ಕದಿಂದ ತೆಗೆಯುತ್ತೇನೆ. ಭುಜದ ಹೊಲಿಗೆಯಲ್ಲಿ ಹಿಂಭಾಗ ಮುಂಭಾಗಕ್ಕಿಂತ ಉದ್ದವಿದ್ದೂ ಕಾಲರ್‌ನಿಂದ ಅರ್ಧ ಭುಜದವರೆಗೆ ಗೆರೆ ಕೂಡಿಸುತ್ತೇನೆ. ಅದು ಹೇಗೆ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ.

ಮಧ್ಯೆ ಒಂದು ಟೈ ಹೊಲಿದೆ. ಮೇಷ್ಟ್ರು ಚೌಕಳಿ ಕೋಟಿನ ಒಳಗೆ ಸಣ್ಣ ಚೌಕಳಿ ಶರ್ಟ್ ಹಾಕಿ ಬಂದಿದ್ದರು. ನೋಡಿದರೆ ಕಣ್ಣು ಉರಿಯುತ್ತಿತ್ತು. ಬಿಳಿ ಮೇಲೆ ತೀರಾ ತೆಳು ನೀಲಿ ಗೆರೆಯ ಶರ್ಟ್ ಹಾಕಿಸಿದೆ, ತಕ್ಷಣ ಕೋಟ್ ಎದ್ದು ಕಂಡಿತು. ಕೋಟಿನ ಮನೆ ದೊಡ್ಡದಿದ್ದರೆ ಶರ್ಟಿನ ಗೆರೆ ತುಂಬಾ ಸಣ್ಣದಿರಬೇಕು. ಎರಡೂ ಹತ್ತಿರ ಹತ್ತಿರದ ಅಳತೆ ಆದರೆ ಜಗಳ ಆಡುತ್ತವೆ. ಟೈಗೆ ಅವರ ಹೆಂಡತಿ, ಬಾಗಲಕೋಟೆ ಕಡೆಯವರು, ಗುಳೇದಗುಡ್ಡದ ಖಣ ಕೊಟ್ಟರು. ಮೊದಲು ನೇರಕ್ಕೆ ಕತ್ತರಿಸಿದೆ, ಎರಡು ಸಲ ಗಂಟು ಹಾಕುವಷ್ಟರಲ್ಲಿ ತಿರುಚಿಕೊಂಡಿತು. ಓರೆಗೆ ಕತ್ತರಿಸಿದೆ. ಖಣದ ಅಗಲ ಕಡಿಮೆ, ನಾಲ್ಕು ತುಂಡು ಕೂಡಿಸಬೇಕಾಯಿತು, ಒಂದೂವರೆ ಮೀಟರ್ ಹೋಯಿತು. ಆದರೆ ಬೂದು ಚೌಕಳಿ ನಡುವೆ ಆ ಕುಂಕುಮ ಬಣ್ಣದ ಸಣ್ಣ ಹೂವಿನ ಸಾಲು ಎಷ್ಟು ಚೆನ್ನಾಗಿ ಕೂತಿತು ಅಂದರೆ, ನನಗೂ ಒಂದು ಹೊಲಿದುಕೊಂಡೆ.

ಇನ್ನೂ ಬಗೆಹರಿಯದ್ದು ತೋಳಿನ ಹಿಂಭಾಗ. ಮುಂದೆ ಗುರುತಿನಿಂದ ಕೆಳಗೆ ಗೆರೆ ಕೂಡುತ್ತದೆ. ಹಿಂದೆ, ಬೆನ್ನಿಗೆ ತೋಳು ಸೇರುವ ಕಡೆ, ನೆರಿ (ತೋಳಿನ ಹೆಚ್ಚಿನ ಬಟ್ಟೆ) ಒಳಗೆ ಹೋಗುವುದರಿಂದ ಕಾಲು ಇಂಚಾದರೂ ತಪ್ಪುತ್ತದೆ. ತೋಳಿನ ಎರಡು ತುಂಡು, ಮೇಲ್ತೋಳು, ಕೆಳತೋಳು ಎರಡರಲ್ಲೂ ಪ್ರಯತ್ನಿಸಿ ನೋಡಿದೆ, ಆಗಲಿಲ್ಲ. ಕೈ ಆಡಿಸಲು ಕಷ್ಟವಾಗದ ಹಾಗೆ ಅದನ್ನು ಕೂಡಿಸಿದವರು ಯಾರಾದರೂ ಇದ್ದರೆ ಅಂಗಡಿಗೆ ಬನ್ನಿ. ಭುಜದ ಗುಟ್ಟು ನಿಮಗೆ ಹೇಳಿಕೊಡುತ್ತೇನೆ.