ಕೀಟೊ: ಗೈಡ್ ಜೊತೆ ಒಂದು ಸಲ, ನಾವೇ ಇನ್ನೊಂದು ಸಲ

ಹಾಸನದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿಕೊಂಡು, ವರ್ಷಕ್ಕೊಮ್ಮೆ ಮಕ್ಕಳನ್ನು ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋಗುತ್ತಿದ್ದವಳು ನಾನು. ಹಾಗಾಗಿ ಗೈಡುಗಳ ಮಾತನ್ನು ಪೂರ್ತಿ ನಂಬುವುದಿಲ್ಲ. ಅವರಿಲ್ಲದೆ ನೋಡಿದರೆ ಅರ್ಧ ಕಣ್ಣಿಗೇ ಬೀಳುವುದಿಲ್ಲ ಅನ್ನುವುದೂ ಗೊತ್ತು. ನಿವೃತ್ತಿಯಾದ ಮೇಲೆ ಹ್ಯೂಸ್ಟನ್ನಿನಲ್ಲಿರುವ ಮಗ ಟಿಕೆಟ್ ಮಾಡಿಸಿಕೊಟ್ಟ. ನಾನು, ನಮ್ಮ ಯಜಮಾನರು ಈಕ್ವೆಡಾರ್‌ನ ರಾಜಧಾನಿ ಕೀಟೊದಲ್ಲಿ ಐದು ದಿನ ಇದ್ದು ಬಂದೆವು.

ಮೊದಲ ದಿನವೇ ಎಡವಟ್ಟು ಮಾಡಿಕೊಂಡೆವು. ಊರಿರುವುದು 2,850 ಮೀಟರ್ ಎತ್ತರದಲ್ಲಿ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಇನ್ನೂ 900 ಮೀಟರ್ ಮೇಲೆ. ವಿಮಾನ ಇಳಿದವರು ಸುಮ್ಮನೆ ಮಲಗುವುದು ಬಿಟ್ಟು ಬೆಸಿಲಿಕಾ ದೆಲ್ ವೋತೊ ನಾಸಿಯೊನಾಲ್ ಚರ್ಚಿನ ಗೋಪುರ ಹತ್ತಲು ಹೋದೆವು. ಚರ್ಚೇನೋ ಸೊಗಸು. ಯುರೋಪಿನ ಗಾಥಿಕ್ ಚರ್ಚುಗಳಲ್ಲಿ ಗೋಡೆಯಿಂದ ಭೂತಪಿಶಾಚಿಗಳು ಕತ್ತು ಚಾಚುವ ಕಡೆ, ಇಲ್ಲಿ ಆಮೆ, ಇಗುವಾನ, ಆರ್ಮಡಿಲ್ಲೊ ಕತ್ತು ಚಾಚಿವೆ. ಆದರೆ ಮೇಲೆ ಹೋಗಬೇಕಾದರೆ ಚರ್ಚಿನ ಒಳಮಾಡಿನ ಮೇಲೆ ಹಾಸಿದ ಮರದ ಹಲಗೆ ದಾರಿ ದಾಟಿ, ಆಮೇಲೆ ಕಡಿದಾದ ಏಣಿ ಹತ್ತಬೇಕು. ಎರಡನೇ ಏಣಿಯ ಬುಡದಲ್ಲಿ ನನ್ನ ಎದೆ ಡವಡವ ಬಡಿದುಕೊಳ್ಳತೊಡಗಿತು.

"ರೀ, ನನ್ ಕೈಲಾಗಲ್ಲ, ನೀವ್ ಹೋಗ್ಬನ್ನಿ."

"ನಾನೆಲ್ಲಿ ಹೋಗ್ಲಿ ಮಾರಾಯ್ತಿ, ನಂಗೂ ತಲೆ ಸುತ್ತಾ ಇದೆ" ಅಂತ ಅವರೂ ಪಕ್ಕದಲ್ಲೇ ಕೂತುಬಿಟ್ಟರು. ಸಂಜೆಯೆಲ್ಲಾ ತಲೆನೋವು. ಮೊದಲ ದಿನ ಬರೀ ನೀರು, ನಿದ್ದೆ, ಹೆಚ್ಚೆಂದರೆ ಒಂದು ಬೀದಿ ಅಡ್ಡಾಟ, ಅಷ್ಟಕ್ಕೇ ನಿಲ್ಲಿಸಿ.

ಮರುದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಂಗ್ಲಿಷ್ ಮಾತಾಡುವ ಗೈಡ್ ಜೊತೆ ನಡಿಗೆ. ಮೂವತ್ತರ ಆಸುಪಾಸಿನ ಹುಡುಗಿ. ಪ್ಲಾಸಾ ಗ್ರಾಂದೆ ಚೌಕದಲ್ಲಿ ನಿಲ್ಲಿಸಿ, ಅಧ್ಯಕ್ಷರ ಅರಮನೆಯ ಕೆಳಗೇ ಇರುವ ಸಣ್ಣಪುಟ್ಟ ಅಂಗಡಿಗಳನ್ನು ತೋರಿಸಿದಳು. ದೇಶ ಆಳುವವರು ಮೇಲೆ, ವ್ಯಾಪಾರ ಕೆಳಗೆ! 1809ರ ಆಗಸ್ಟ್ 10ರಂದು ಸ್ಪೇನಿನ ಅಧಿಕಾರಿಗಳನ್ನು ಇಳಿಸಿ ಇಲ್ಲಿನವರೇ ಆಡಳಿತ ಮಂಡಳಿ ಕಟ್ಟಿಕೊಂಡದ್ದು, ಮುಂದಿನ ವರ್ಷ ಆಗಸ್ಟ್ 2ಕ್ಕೆ ಸೆರೆಯಲ್ಲಿದ್ದ ಆ ಮುಖಂಡರನ್ನು ಕೊಂದದ್ದು, ಎರಡನ್ನೂ ಐದೇ ನಿಮಿಷದಲ್ಲಿ ಹೇಳಿದಳು. ಯುನೆಸ್ಕೊ 1978ರಲ್ಲಿ ಮಾಡಿದ ಮೊತ್ತಮೊದಲ ವಿಶ್ವ ಪರಂಪರೆ ಪಟ್ಟಿಯ ಹನ್ನೆರಡು ತಾಣಗಳಲ್ಲಿ ಈ ಊರೂ ಒಂದು. ಅದನ್ನು ಹೇಳುವಾಗ ಮಾತ್ರ ಅವಳ ದನಿ ಸ್ವಲ್ಪ ಏರಿತು.

ಅವಳ ಮೇಲೆ ನನಗೆ ನಿಜವಾಗಿ ಗೌರವ ಬಂದದ್ದು ಲಾ ಕಂಪಾನ್ಯಿಯ ಚರ್ಚಿನಲ್ಲಿ. ಜೆಸ್ಯೂಟ್ ಪಾದ್ರಿಗಳು 1605ರಲ್ಲಿ ಶುರು ಮಾಡಿ 1765ರಲ್ಲಿ ಮುಗಿಸಿದ್ದು. 160 ವರ್ಷ ಕಟ್ಟಿ, ಎರಡೇ ವರ್ಷಕ್ಕೆ, 1767ರಲ್ಲಿ, ಸ್ಪೇನಿನ ರಾಜನ ಅಪ್ಪಣೆಯಿಂದ ಅವರು ಊರು ಬಿಡಬೇಕಾಯಿತು. ಒಳಗೆ ಕಾಲಿಟ್ಟರೆ ಕಂಬ, ಕಮಾನು, ಚಾವಣಿ, ಎಲ್ಲದಕ್ಕೂ ಚಿನ್ನದ ರೇಕು. ನಮ್ಮ ಯಜಮಾನರು ಕೇಳಿದ ಮೊದಲ ಪ್ರಶ್ನೆ "ಎಷ್ಟು ಕಿಲೊ?" ಅವಳು ನಕ್ಕು, "ಒಬ್ಬೊಬ್ಬ ಗೈಡ್ ಒಂದೊಂದು ಲೆಕ್ಕ ಹೇಳುತ್ತಾರೆ, ನಾನು ಹೇಳುವುದಿಲ್ಲ" ಅಂದಳು. ಬೇಲೂರಿನಲ್ಲಿ ಇಂಥ ಒಬ್ಬರು ಸಿಕ್ಕಿದ್ದರೆ ನನ್ನ ಎಷ್ಟೋ ತಕರಾರು ಉಳಿಯುತ್ತಿತ್ತು.

ಚಿನ್ನ ಹಚ್ಚುವ ಬಗೆಯನ್ನಂತೂ ಬಿಡಿಸಿ ಹೇಳಿದಳು. ಕೆತ್ತಿದ ಮರಕ್ಕೆ ಬಿಳಿ ಲೇಪ, ಅದರ ಮೇಲೆ ನುಣ್ಣನೆಯ ಕೆಂಪು ಜೇಡಿ, ಆಮೇಲೆ ರೇಕು, ಕೊನೆಗೆ ಉಜ್ಜಿ ಹೊಳಪು. ಮೈಸೂರು ಚಿತ್ರದಲ್ಲಿ ಮಕ್ಕು ಸಫೇದ ಹಾಕಿ ಉಬ್ಬಿಸಿ ರೇಕು ಕೂರಿಸುವುದನ್ನು ಕಂಡವರಿಗೆ ಇದು ಥಟ್ಟನೆ ತಿಳಿಯುತ್ತದೆ. ಒಂದು ಮೂಲೆಯಲ್ಲಿ ರೇಕು ಸವೆದು ಕೆಂಪು ಇಣುಕುತ್ತಿದ್ದುದನ್ನು ಅವಳು ಬೆರಳು ಮಾಡಿ ತೋರಿಸಿದಳು.

ಹೊರಡುವ ಮುಂಚೆ ಎರಡು ಸುರುಳಿ ಮೆಟ್ಟಿಲು ತೋರಿಸಿ, "ಇದರಲ್ಲಿ ಯಾವುದು ಹತ್ತಬಹುದು?" ಅಂದಳು. ಎರಡೂ ಅಂದೆವು. ಒಂದು ಬರೀ ಚಿತ್ರ! ಈ ಕಡೆ ಮೆಟ್ಟಿಲಿದ್ದ ಮೇಲೆ ಆ ಕಡೆಯೂ ಇರಬೇಕು, ಜೋಡಿ ಕೆಡಬಾರದು ಅಂತ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದ್ದಾರೆ. ಅಷ್ಟರಲ್ಲಿ ಗುಂಪು ಹೊರಟಿತು. ಇದೇ ಗೈಡ್ ನಡಿಗೆಯ ತಾಪತ್ರಯ, ಕಣ್ಣು ಪಳಗುವ ಹೊತ್ತಿಗೆ ಕಾಲು ಮುಂದೆ ಹೋಗಿರುತ್ತದೆ.

ಅದಕ್ಕೇ ಬುಧವಾರ ಮತ್ತೆ ಟಿಕೆಟ್ ತಗೊಂಡು ನಾವಿಬ್ಬರೇ ಹೋದೆವು. ಆ ಸುಳ್ಳು ಮೆಟ್ಟಿಲಿನ ಎದುರು ಕಾಲು ಗಂಟೆ ಕೂತೆ. ದೂರದಿಂದ ನಿಜ, ನಾಲ್ಕು ಹೆಜ್ಜೆ ಹತ್ತಿರ ಹೋದರೆ ನೆರಳು ಎಲ್ಲೋ ಎಡವಿದಂತೆ ಕಾಣುತ್ತದೆ. ಭಾನುವಾರ ಸರಿಯಾಗಿ ನೋಡದೇ ದಾಟಿದ್ದ ನರಕದ ಚಿತ್ರವನ್ನೂ ಅವತ್ತೇ ನಿಧಾನವಾಗಿ ನೋಡಿದೆ. ಮೂಲ ಚಿತ್ರ 1620ರದ್ದು, ಈಗ ಗೋಡೆಯಲ್ಲಿರುವುದು 1879ರ ನಕಲು. ಯಾವ ಪಾಪಕ್ಕೆ ಯಾವ ಶಿಕ್ಷೆ ಅಂತ ಪಕ್ಕದಲ್ಲೇ ಹೆಸರು ಬರೆದಿದ್ದಾರೆ. ಓದು ಬಾರದವರಿಗೆ ಚಿತ್ರ, ಬಂದವರಿಗೆ ಅಕ್ಷರ!

ಸೋಮವಾರದ್ದು ಇನ್ನೊಂದು ಪಾಠ. ಊರಿನ ಬಹಳಷ್ಟು ಮ್ಯೂಸಿಯಂಗಳಿಗೆ ಅವತ್ತು ರಜೆ. ನೋಡಿಕೊಳ್ಳದೆ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಂತೆವು. ಮಂಗಳವಾರ ಮತ್ತೆ ಹೋದದ್ದು ಮುಸೆಯೊ ದೆ ಲಾ ಸಿಯುದಾದ್‌ಗೆ, ಅಂದರೆ ನಗರ ಮ್ಯೂಸಿಯಂಗೆ. ಕಟ್ಟಡ ಮೊದಲು ಆಸ್ಪತ್ರೆಯಾಗಿತ್ತು. 1565ರಿಂದ 1974ರವರೆಗೆ, ಅಂದರೆ ನನ್ನ ಬಾಲ್ಯದಲ್ಲೂ ಇಲ್ಲಿ ರೋಗಿಗಳಿದ್ದರು. ದಪ್ಪ ಗೋಡೆ, ನಡುವೆ ತೆರೆದ ಅಂಗಳ, ಸುತ್ತ ಕಂಬಸಾಲು.

ಇಲ್ಲೇ ಕೆಲಸ ಮಾಡಿದ ವೈದ್ಯ ಎಉಹೇನಿಯೊ ಎಸ್ಪೆಹೊ. ಮೂಲನಿವಾಸಿ ಅಪ್ಪನ ಮಗ. 1785ರಲ್ಲಿ ಸಿಡುಬಿನ ಬಗ್ಗೆ ಬರೆದು, ಕೊಳಕು ಮತ್ತು ಸೋಂಕಿನ ಮಾತೆತ್ತಿದ. 1792ರಲ್ಲಿ ಕೀಟೊದ ಮೊದಲ ಪತ್ರಿಕೆ ಹೊರಡಿಸಿದ. ಆಳುವವರನ್ನು ಗೇಲಿ ಮಾಡಿ ಬರೆದ ತಪ್ಪಿಗೆ ಜೈಲು ಕಂಡು, 1795ರಲ್ಲಿ ತೀರಿಕೊಂಡ. ಗೈಡ್ ನಡಿಗೆಯಲ್ಲಿ ಈತನ ಹೆಸರು ಬಂದಿರಲಿಲ್ಲ. ಚಿನ್ನ ತೋರಿಸಲು ಹೊತ್ತಿದ್ದವರಿಗೆ ಈತನಿಗೆ ಹೊತ್ತು ಸಿಗಲಿಲ್ಲ ಅಂತ ನನಗೆ ಸ್ವಲ್ಪ ಬೇಸರವೇ ಆಯಿತು.

ಊಟದ ಮಾತು ಬೇಗ ಮುಗಿಸುತ್ತೇನೆ. ಆಲೂಗೆಡ್ಡೆ, ಚೀಸ್ ಹಾಕಿದ ಸೂಪು, ಮೇಲೆ ಬೆಣ್ಣೆಹಣ್ಣು. ಅದರ ಹೆಸರು ಲೊಕ್ರೊ. ನಾಲ್ಕು ದಿನ ಅದೇ ನಮ್ಮನ್ನು ಸಾಕಿತು. "ಕಾರ್ನೆ (ಮಾಂಸ) ಬೇಡ" ಅಂದರೆ ಕೋಳಿ ಬರುತ್ತದೆ, ಅವರ ಪ್ರಕಾರ ಕೋಳಿ ಕಾರ್ನೆ ಅಲ್ಲ. ಕೋಳಿ, ಮೀನು ಎಲ್ಲವನ್ನೂ ಬಿಡಿಸಿ ಹೇಳಬೇಕು. ಇಲ್ಲಿನ ದುಡ್ಡು 2000ದಿಂದ ಅಮೆರಿಕದ ಡಾಲರೇ, ಆದರೆ 20ರ ನೋಟಿಗೂ ಚಿಲ್ಲರೆ ಕೊಡಲು ಅಂಗಡಿಯವರು ಮುಖ ಸಿಂಡರಿಸುತ್ತಾರೆ.

ಕೊನೆಯ ಸಂಜೆ ಸಾನ್ ಫ್ರಾನ್ಸಿಸ್ಕೊ ಚೌಕ. ಇಲ್ಲಿನ ಚರ್ಚಿನ ಮುಂದಿನ ಜಗಲಿ ಕಟ್ಟಲು ಕಾಂತುನ್ಯ ಎಂಬ ಮೂಲನಿವಾಸಿ ಸೈತಾನನ ಜೊತೆ ಒಪ್ಪಂದ ಮಾಡಿಕೊಂಡನಂತೆ. ಬೆಳಗಾಗುವುದರೊಳಗೆ ಕೊನೆಯ ಕಲ್ಲು ಕೂತರೆ ಅವನ ಆತ್ಮ ಸೈತಾನನದ್ದು. ಬೆಳಗಾದಾಗ ಒಂದು ಕಲ್ಲು ಕಮ್ಮಿ. ಕಾಂತುನ್ಯ ಬಚಾವು. ಜಕಣಾಚಾರಿ, ಕಪ್ಪೆ ಚೆನ್ನಿಗರಾಯನ ಕಥೆಯನ್ನು ನೂರು ಸಲ ಮಕ್ಕಳಿಗೆ ಹೇಳಿದವಳಿಗೆ ಇದು ಹಿಡಿಸದೆ ಇದ್ದೀತೇ? ಅಲ್ಲೂ ಒಂದು ಕಲ್ಲು, ಇಲ್ಲೂ ಒಂದು ಕಲ್ಲು.

ಆ ಕಲ್ಲಿನ ಜಾಗ ಎಲ್ಲಿ ಅಂತ ನಮ್ಮ ಯಜಮಾನರಿಗೆ ತಲೆಗೆ ಹೊಕ್ಕಿತು. ಗೈಡ್ ಭಾನುವಾರ ಎಡಗಡೆ ಮೆಟ್ಟಿಲ ಹತ್ತಿರ ಕೈ ತೋರಿಸಿದ್ದಳು. ಜೋಳ ಹುರಿದು ಮಾರುತ್ತಿದ್ದ ಅಜ್ಜಿಯನ್ನು ಸನ್ನೆಯಲ್ಲೇ ಕೇಳಿದರು. ಅಜ್ಜಿ ಒಂದು ಕ್ಷಣವೂ ಯೋಚಿಸದೆ ಬಲಗಡೆ ತೋರಿಸಿ, ಒಂದು ಡಾಲರಿನ ಜೋಳ ಕೈಗಿಟ್ಟಳು.