ಮುರಿದ ಕೊಂಬೆ ಏನಾಯ್ತು?

ಮೂಡಿಗೆರೆ ಹತ್ತಿರದ ನಮ್ಮ ಸಣ್ಣ ಸಭೆಯಲ್ಲಿ ಗುರುವಾರ ಸಂಜೆ ಬೈಬಲ್ ಪಾಠ ನಡೆಸುತ್ತೇನೆ. ಬರುವವರಲ್ಲಿ ಕಾಫಿ ತೋಟದ ಕೆಲಸದವರೇ ಜಾಸ್ತಿ. ಮನೆಮಾತು ಕನ್ನಡ, ತುಳು, ಕೊಂಕಣಿ, ತಮಿಳು. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯ ಹೇಳಿಕೊಡಬೇಕಿತ್ತು. ಅಲ್ಲಿ ಬರುವುದು ಎಣ್ಣೆಮರದ, ಅಂದರೆ ಆಲಿವ್ ಮರದ ಕಸಿ. ಆ ಮರವನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಆದರೆ ಕಸಿ ಗೊತ್ತಲ್ವಾ?

ಹಿಪ್ಪಲಿ ಗಿಡ, ಪಣಿಯೂರು ತಳಿಯ ಕಾಳುಮೆಣಸಿನ ಕುಡಿ, ಕಸಿ ಚಾಕು ತಗೊಂಡು ಹೋದೆ. ಹಿಪ್ಪಲಿ ಕಾಂಡವನ್ನು ಅಡ್ಡ ಕೊಯ್ದು ನಡುವೆ ಸೀಳಿದೆ. ಮೆಣಸಿನ ಕುಡಿಯನ್ನು ಬೆಣೆಯ ಹಾಗೆ ಕೆತ್ತಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತಿದೆ. "ಹೀಗೆ ಯಾಕೆ ಕಟ್ತೇವೆ?" ಎಂದು ಕೇಳಿದೆ. "ಹಿಪ್ಪಲಿ ಬೇರು ಸೊರಗು ರೋಗ ತಡೆಯುತ್ತೆ, ಮೇಲೆ ಒಳ್ಳೆ ಫಸಲು" ಎಂದರು. ಸರಿ. ಆದರೆ ಪೌಲ ಹೇಳುವುದು ಇದರ ಉಲ್ಟಾ. ನಮ್ಮ ಕಸಿಯಲ್ಲಿ ಬೇರು ಕಾಡಿನದ್ದು, ಅವನದ್ದರಲ್ಲಿ ಬೇರು ಊರಿನದ್ದು, ಕೊಂಬೆ ಕಾಡಿನದ್ದು. ಇದು ಸ್ವಭಾವಕ್ಕೆ ವಿರುದ್ಧ ಎಂದು 24ನೇ ವಚನದಲ್ಲಿ ಅವನೇ ಒಪ್ಪುತ್ತಾನೆ. ಆ ಮರದಿಂದ ಮುರಿದುಹೋದ ಕೊಂಬೆಗಳು ಅಂದರೆ ನಂಬದ ಇಸ್ರಾಯೇಲರು. ಕಾಡು ಕೊಂಬೆ ಅಂದರೆ ನಾವು, ಇಸ್ರಾಯೇಲರಲ್ಲದ ಜನ. ನಮ್ಮಿಂದ ಆ ಬೇರಿಗೆ ಯಾವ ಲಾಭವೂ ಇಲ್ಲ. ಬರೀ ಕರುಣೆ.

ಆಗ ಒಬ್ಬ ಅಜ್ಜಿ ಕೇಳಿದರು: "ಮುರಿದ ಕೊಂಬೆ ಏನಾಯ್ತು?"

ನಾನು ಎಷ್ಟೋ ವರ್ಷ, ದೇವರು ಇಸ್ರಾಯೇಲರನ್ನು ಬಿಟ್ಟು ನಮ್ಮನ್ನು ಹಿಡಿದ ಎಂದೇ ಕಲಿಸಿದ್ದೆ. ತಪ್ಪು ನನ್ನದೇ, ಅಧ್ಯಾಯವನ್ನು ಪೂರ್ತಿ ಓದಿರಲಿಲ್ಲ. 23ನೇ ವಚನ ಓದಿಸಿದೆ. ಅವರು ಅಪನಂಬಿಕೆ ಬಿಟ್ಟರೆ ದೇವರು ಅವರನ್ನೂ ಮತ್ತೆ ಕಸಿ ಕಟ್ಟಬಲ್ಲ. 29ರಲ್ಲಿ, ದೇವರು ಕೊಟ್ಟ ವರಗಳನ್ನೂ ಕರೆಯನ್ನೂ ಹಿಂದೆ ತಗೊಳ್ಳುವುದಿಲ್ಲ. ಮೊದಲು ಕೊಟ್ಟ ಮಾತನ್ನೇ ಮುರಿಯುವವನಾದರೆ, ಆಮೇಲೆ ಬಂದ ನಮಗೆ ಯಾವ ಭರವಸೆ?

ಮುಂದಿನ ವಾರ, ಆ ಮಾತು ಕೊಟ್ಟದ್ದು ಹೇಗೆ ಎಂದು ನೋಡಲು ಆದಿಕಾಂಡ 15ಕ್ಕೆ ಹೋದೆವು. ಇಸ್ರಾಯೇಲರ ಮೂಲಪುರುಷ ಅಬ್ರಾಮ ಪ್ರಾಣಿಗಳನ್ನು ಕಡಿದು ಎರಡು ಸಾಲು ಇಡುತ್ತಾನೆ. ಆ ಕಾಲದಲ್ಲಿ ಒಡಂಬಡಿಕೆ ಮಾಡುವವರು ಆ ತುಂಡುಗಳ ನಡುವೆ ನಡೆಯುತ್ತಿದ್ದರು. ಆದರೆ ಅಬ್ರಾಮನಿಗೆ ಗಾಢ ನಿದ್ದೆ. ಕತ್ತಲಲ್ಲಿ ಹೊಗೆಯಾಡುವ ಒಲೆ, ಉರಿಯುವ ಪಂಜು, ಅಷ್ಟೇ ದಾಟಿಹೋದವು. ಆ ಬೆಂಕಿ ದೇವರ ಗುರುತು. ಅಬ್ರಾಮ ದಾಟಲೇ ಇಲ್ಲ, ಮಾತಿನ ಹೊಣೆ ದೇವರೊಬ್ಬನದ್ದೇ. ಇದನ್ನು ಹೇಳುವಾಗ ಪ್ರತಿಸಲವೂ ನನ್ನ ಗಂಟಲು ಕಟ್ಟುತ್ತದೆ. ಪಾಠಕ್ಕೆ ಬಂದವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕೊನೆಗೆ ಕೀರ್ತನೆ 117 ಓದಿದೆವು. ಎರಡೇ ವಚನ, ಕೀರ್ತನೆಗಳಲ್ಲೇ ಚಿಕ್ಕದು. ಎಲ್ಲ ಜನಾಂಗಗಳೇ ಸ್ತುತಿಸಿ ಎಂದು ಕರೆಯುತ್ತದೆ. ಪೌಲ ರೋಮಾಪುರ 15:11ರಲ್ಲಿ ಇದನ್ನೇ ಎತ್ತಿಕೊಂಡಿದ್ದಾನೆ. ಒಬ್ಬೊಬ್ಬರು ತಮ್ಮ ಮನೆಮಾತಿನಲ್ಲಿ ಹೇಳಿದರು. ಅಜ್ಜಿ ತುಳುವಿನಲ್ಲಿ ಹೇಳಿ, ಹೋಗುವಾಗ ಕಸಿ ಗಿಡವನ್ನು ತಮ್ಮ ಮನೆಗೆ ತಗೊಂಡು ಹೋದರು.